ಪದಾರ್ಥ ಬದಲಾಯಿತು, ಪ್ರಸಾದ ಉಳಿಯಿತೆ? — ಹುಬ್ಬಳ್ಳಿ-ಧಾರವಾಡದ ಸಂಜೆಯೂಟದ ಇತಿಹಾಸ

ಶರಣರ ಪರಿಭಾಷೆಯಲ್ಲಿ ಪದಾರ್ಥ ಮತ್ತು ಪ್ರಸಾದ ಎಂಬ ಎರಡು ಮಾತುಗಳು ಜೊತೆಜೊತೆಯಾಗಿ ಬರುತ್ತವೆ. ಹೊಲದಿಂದ ಬಂದ ಕಾಳು, ಒಲೆಯ ಮೇಲೆ ಬೆಂದ ಅಡುಗೆ, ತಾಟಿಗೆ ಬಡಿಸಿದ ಊಟ ಇವೆಲ್ಲವೂ ಪದಾರ್ಥ. ಅದನ್ನೇ ಇಷ್ಟಲಿಂಗಕ್ಕೆ ಅರ್ಪಿಸಿ, ಪರರೊಡನೆ ಹಂಚಿಕೊಂಡು, ವಿನಯದಿಂದ ಸ್ವೀಕರಿಸಿದಾಗ ಅದು ಪ್ರಸಾದ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಗುರುವಿನಿಂದ ಬಂದುದು ಶುದ್ಧಪ್ರಸಾದ, ಲಿಂಗದಿಂದ ಬಂದುದು ಸಿದ್ಧಪ್ರಸಾದ, ಜಂಗಮದಿಂದ ಬಂದುದು ಪ್ರಸಿದ್ಧಪ್ರಸಾದವೆಂದು ಶಾಸ್ತ್ರವು ಅದನ್ನು ಮೂರಾಗಿ ವಿಂಗಡಿಸುತ್ತದೆ. ಆದರೆ ಈ ತತ್ತ್ವವು ನಿತ್ಯವೂ ಪರೀಕ್ಷೆಗೆ ಒಳಗಾಗುವ ಸ್ಥಳ ಅಡುಗೆಮನೆ; ಅದರಲ್ಲಿಯೂ ದಿನದ ದುಡಿಮೆ ಮುಗಿಸಿ ಮನೆಮಂದಿಯೆಲ್ಲ ಒಂದೆಡೆ ಕೂಡುವ ಸಂಜೆಯ ಊಟ.

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಮನೆಯಿಂದ ಮನೆಗೆ ಕೇಳಿಬರುತ್ತಿತ್ತು. ಇಂದು ಅದು ಅಪರೂಪವಾಗಿದೆ. ರೊಟ್ಟಿಯು ಅಂಗಡಿಯಿಂದ ಬರುತ್ತದೆ. ಅನೇಕ ಮನೆಗಳಲ್ಲಿ ರಾತ್ರಿಯ ಊಟವೆಂದರೆ ಅನ್ನ-ಸಾರು ಅಥವಾ ಚಪಾತಿ. 'ಹಿಂದಿನ ಊಟ ಹೋಯಿತು, ಸಂಸ್ಕಾರವೂ ಹೋಯಿತು' ಎಂದು ಹಿರಿಯರು ನೊಂದುಕೊಳ್ಳುವುದುಂಟು. ಈ ನೋವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಬೇಕಾದರೆ ಪದಾರ್ಥದ ಇತಿಹಾಸವನ್ನೂ ಪ್ರಸಾದದ ಇತಿಹಾಸವನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ಕಲ್ಯಾಣದ ಎರಡು ಪಂಕ್ತಿಗಳು

ಕನ್ನಡ ನಾಡಿನ ಅಡುಗೆಯ ಬಗೆಗೆ ಹಳೆಯ ಬರಹಗಳು ಇಲ್ಲದಿಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಕೃಷಿ, ಜಲಶೋಧನೆ, ವೈದ್ಯಗಳೊಡನೆ ಪಾಕಶಾಸ್ತ್ರಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಅನಂತರ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಹೊತ್ತಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ಅದರ ಅನ್ನಭೋಗ ಪ್ರಕರಣದಲ್ಲಿ ಅರಸನ ಊಟಕ್ಕೆ ಯೋಗ್ಯವಾದ ಅಕ್ಕಿ, ಬೇಳೆ, ಗೋಧಿಯ ಭಕ್ಷ್ಯಗಳು, ಹಾಲು-ಮೊಸರಿನ ತಿನಿಸುಗಳು, ಅವುಗಳನ್ನು ಬಡಿಸುವ ಕ್ರಮ ಎಲ್ಲವೂ ವಿಸ್ತಾರವಾಗಿ ಬಂದಿವೆ. ಭೋಗವೆಂಬ ಹೆಸರೇ ಆ ಊಟದ ದೃಷ್ಟಿಯನ್ನು ಸೂಚಿಸುತ್ತದೆ.

ಈ ಗ್ರಂಥ ಹುಟ್ಟಿದ ಒಂದು ತಲೆಮಾರಿನ ಬಳಿಕ ಅದೇ ಕಲ್ಯಾಣದಲ್ಲಿ ಇನ್ನೊಂದು ಪಂಕ್ತಿ ಕೂಡಿತು. ಅದು ಬಸವಣ್ಣನವರ ಮಹಾಮನೆಯ ದಾಸೋಹ. ಅಲ್ಲಿ ಯಾವ ಅಡುಗೆ ಬಡಿಸಿದರು ಎಂಬ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಯಾರು ಯಾರ ಪಕ್ಕದಲ್ಲಿ ಕುಳಿತು ಉಂಡರು, ಆ ಕಾಳು ಯಾವ ದುಡಿಮೆಯಿಂದ ಬಂತು, ಉಳಿದುದನ್ನು ಏನು ಮಾಡಿದರು ಎಂಬುದನ್ನು ಮಾತ್ರ ಶರಣರ ಕಥನಗಳು ಮತ್ತೆ ಮತ್ತೆ ಹೇಳುತ್ತವೆ. ಅಡುಗೆಯ ಚರಿತ್ರೆಯಲ್ಲಿ ಇದೊಂದು ದೊಡ್ಡ ತಿರುವು. ಅರಸನ ಗ್ರಂಥ ರುಚಿಯನ್ನು ಕೇಳಿತು, ಶರಣರು ಅನ್ನದ ಮೂಲವನ್ನು ಕೇಳಿದರು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗ ಎಲ್ಲರಿಗೂ ತಿಳಿದುದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನಿಗೆ ತಿಳಿಹೇಳಿದರು. ನಾಳೆಗೆ ಕೂಡಿಡುವ ಆಸೆಯು ಮೊದಲು ಮೊಳೆಯುವುದು ಅಡುಗೆಮನೆಯ ಮಡಕೆಯಲ್ಲಿ ಎಂಬುದನ್ನು ಗೃಹಿಣಿಯೊಬ್ಬಳು ಗುರುತಿಸಿದ ಪ್ರಸಂಗವಿದು. ಅಳತೆಯ ಅರಿವು ಇಲ್ಲಿ ಶಾಸ್ತ್ರದಿಂದ ಬಂದುದಲ್ಲ. ದಿನವೂ ಅಕ್ಕಿ ತೊಳೆದು ಎಸರಿಗೆ ಹಾಕುವ ಕೈಗೆ ಬಂದ ಅರಿವು.

ಮರುಳಶಂಕರದೇವರ ಪ್ರಸಂಗವನ್ನು ಶೂನ್ಯಸಂಪಾದನೆಯು ಹೇಳುತ್ತದೆ. ಅವರು ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದರು. ಉಂಡು ಕೈತೊಳೆದ ನೀರು ಸೇರುವ ಸ್ಥಳದಲ್ಲಿ ಒಬ್ಬ ಶಿವಯೋಗಿ ನೆಲೆಸಿದ್ದನೆಂಬ ಈ ಕಥೆ ಎಂಜಲೆಂಬ ಕಲ್ಪನೆಯನ್ನೇ ಬುಡಮೇಲು ಮಾಡುತ್ತದೆ. ಮಾದಾರ ಚೆನ್ನಯ್ಯನವರ ಮನೆಯ ಅಂಬಲಿಯನ್ನು ಶಿವನು ಅರಸನ ನೈವೇದ್ಯಕ್ಕಿಂತ ಮಿಗಿಲೆಂದು ಒಪ್ಪಿಕೊಂಡನೆಂಬ ಪುರಾಣಕಥೆಯೂ ಇದೇ ದಾರಿಯದು. ಇನ್ನು ಕೊಟ್ಟಣದ ಸೋಮಮ್ಮನವರ ಹೆಸರಿನಲ್ಲಿಯೇ ಅವರ ಕಾಯಕವಿದೆ. ಧಾನ್ಯವನ್ನು ಕುಟ್ಟಿ ಹಸನುಗೊಳಿಸುವ ಒನಕೆಯ ದುಡಿಮೆಯು ವಚನಕಾರ್ತಿಯೊಬ್ಬರ ಗುರುತಾಗಿ ಎಂಟುನೂರು ವರ್ಷ ಬಾಳಿ ಬಂದಿದೆ.

ಬೆಳ್ವೊಲದ ಕಾಳು

ಈ ಅನುಭಾವದ ಪರಂಪರೆಯು ನೆಲೆಗೊಂಡ ಪ್ರದೇಶಗಳಲ್ಲಿ ಧಾರವಾಡ ಸೀಮೆಯೂ ಒಂದು. ಪ್ರಾಚೀನ ಶಾಸನಗಳಲ್ಲಿ 'ಬೆಳ್ವೊಲ ಮುನ್ನೂರು' ಎಂದು ಹೆಸರಾದ ನಾಡಿನ ರಾಜಧಾನಿ ಅಣ್ಣಿಗೇರಿ. ಅದು ಇಂದು ಧಾರವಾಡ ಜಿಲ್ಲೆಯಲ್ಲಿದೆ. ಅಣ್ಣಿಗೇರಿ, ನವಲಗುಂದ, ಕುಂದಗೋಳಗಳ ಕಡೆಗೆ ಹೋದರೆ ಕಣ್ಣು ಹಾಯುವವರೆಗೂ ಎರೆಭೂಮಿ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ ಅಲ್ಲಿಯ ಬೆಳೆಗಳು. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿಗಳ ದಿಕ್ಕಿಗೆ ನಡೆದರೆ ಮಲೆನಾಡಿನ ಸೆರಗು. ಅಲ್ಲಿ ಭತ್ತದ ಗದ್ದೆಗಳು. ಹುಬ್ಬಳ್ಳಿ-ಧಾರವಾಡಗಳು ಈ ಎರಡರ ನಡುವೆ ಇವೆ. ಆದ್ದರಿಂದಲೇ ಇಲ್ಲಿಯ ತಾಟಿನಲ್ಲಿ ಮೊದಲು ರೊಟ್ಟಿ, ಕೊನೆಗೆ ಅನ್ನ ಎಂಬ ಕ್ರಮ ಸಹಜವಾಗಿ ನೆಲೆಗೊಂಡಿತು.

ಈ ತಾಟಿನ ಕೆಲವು ಕಾಳುಗಳು ಬಹಳ ಹಳೆಯವು. ಬಳ್ಳಾರಿಯ ಸಮೀಪದ ಸಂಗನಕಲ್ಲಿನ ಉತ್ಖನನಗಳಲ್ಲಿ ನವಶಿಲಾಯುಗದ ಜನ ಬೆಳೆದ ಹೆಸರು ಮತ್ತು ಹುರುಳಿಯ ಕರಕಲು ಕಾಳುಗಳು ದೊರೆತಿವೆ. ಅಂದರೆ ಸಂಜೆಯ ರೊಟ್ಟಿಯೊಡನೆ ತಿನ್ನುವ ಹೆಸರುಕಾಳಿನ ಪಲ್ಯಕ್ಕೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿನ್ನೆಲೆಯಿದೆ. ಜೋಳದ ಮೂಲ ಆಫ್ರಿಕಾ ಖಂಡ. ಅದೂ ಸಾವಿರಾರು ವರ್ಷಗಳ ಹಿಂದೆಯೇ ಬಂದು ಈ ಮಣ್ಣಿನದಾಯಿತು. ಎಳ್ಳು, ಗುರೆಳ್ಳು, ಅಗಸೆ, ಕುಸುಬೆ ಎಣ್ಣೆಕಾಳುಗಳು. ಕುಸುಬೆಯ ಎಣ್ಣೆ ಒಗ್ಗರಣೆಗೆ, ಗುರೆಳ್ಳು ಮತ್ತು ಅಗಸೆಯ ಪುಡಿ ರೊಟ್ಟಿಗೆ ಹಚ್ಚಿಕೊಳ್ಳುವುದಕ್ಕೆ. ಸುಗ್ಗಿಯಾದ ಮೇಲೆ ಕಾಳನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷವಿಡೀ ಸಂಜೆಯ ಊಟಕ್ಕೆ ಆಧಾರ ಆ ಹಗೇವು.

ಕಡಲು ದಾಟಿ ಬಂದ ಖಾರ

ಇಂದು ಉತ್ತರ ಕರ್ನಾಟಕದ ಊಟವೆಂದ ಕೂಡಲೆ ನೆನಪಿಗೆ ಬರುವವು ಕೆಂಪು ಖಾರ ಮತ್ತು ಶೇಂಗಾ ಚಟ್ನಿ. ಶರಣರ ಕಾಲದ ತಾಟಿನಲ್ಲಿ ಇವೆರಡೂ ಇರಲಿಲ್ಲ. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೆಟೊ, ಗೋವಿನಜೋಳ ಇವು ಅಮೆರಿಕ ಖಂಡಗಳ ಬೆಳೆಗಳು. ಪೋರ್ತುಗೀಜರು 1498ರಲ್ಲಿ ಮಲಬಾರಿಗೆ ಬಂದು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಮೆಣಸಿನಕಾಯಿ ಪಶ್ಚಿಮ ಕರಾವಳಿಯಿಂದ ಘಟ್ಟ ಹತ್ತಿ ಒಳನಾಡಿಗೆ ಹಬ್ಬಿತು. ಮೂರನೆಯ ಮಂಗರಸನು 1508ರ ಸುಮಾರಿಗೆ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ಬರೆದಾಗ ಕನ್ನಡಿಗರ ಅಡುಗೆಯ ಖಾರವೆಂದರೆ ಕಾಳುಮೆಣಸು, ಶುಂಠಿ. ಭಾಷೆಯೇ ಇದಕ್ಕೆ ಸಾಕ್ಷಿ. 'ಮೆಣಸು' ಎಂಬುದು ಮೊದಲಿನಿಂದಲೂ ಇದ್ದ ಬಳ್ಳಿಯ ಕಾಳಿನ ಹೆಸರು. ಹೊಸದಾಗಿ ಬಂದ ಖಾರದ ಕಾಯಿ 'ಮೆಣಸಿನಕಾಯಿ' ಎನಿಸಿಕೊಂಡಿತು. ಆಲೂಗಡ್ಡೆಗೆ ಈ ಭಾಗದಲ್ಲಿ ಬಳಕೆಯಲ್ಲಿರುವ 'ಬಟಾಟಿ' ಎಂಬ ಮಾತು ಪೋರ್ತುಗೀಜ್ ಮೂಲದ್ದು.

ಹೊರಗಿನಿಂದ ಬಂದ ಆ ಕಾಯಿಯನ್ನು ಧಾರವಾಡ ಸೀಮೆಯ ಎರೆಮಣ್ಣು ತನ್ನದಾಗಿಸಿಕೊಂಡ ಬಗೆ ವಿಸ್ಮಯಕರವಾದುದು. ಬ್ಯಾಡಗಿಯು 1997ರವರೆಗೆ ಅಖಂಡ ಧಾರವಾಡ ಜಿಲ್ಲೆಯ ಊರಾಗಿತ್ತು. ಈಗ ಹಾವೇರಿ ಜಿಲ್ಲೆಗೆ ಸೇರಿದೆ. ಅದರ ಹೆಸರಿನ ಮೆಣಸಿನಕಾಯಿ ಸುಕ್ಕುಸುಕ್ಕಾದ ತೊಗಟೆ, ಗಾಢವಾದ ಕೆಂಪು ಬಣ್ಣ ಮತ್ತು ಹಿತವಾದ ಖಾರಕ್ಕೆ ಪ್ರಸಿದ್ಧ. ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳ ಹೊಲಗಳಲ್ಲಿಯೂ ಅದು ಬೆಳೆಯುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಶೇಂಗಾ ವ್ಯಾಪಕವಾಗಿ ಹಬ್ಬಿದ್ದು ಇನ್ನೂ ಈಚೆಗೆ, 19ನೆಯ ಶತಮಾನದ ಬಳಿಕ. ಅದು ಗುರೆಳ್ಳಿನ ಪಕ್ಕದಲ್ಲಿ ಬಂದು ಕುಳಿತು, ಎಣಗಾಯಿಯ ಬದನೆಕಾಯಿಯೊಳಗೆ ಸೇರಿ, ಕೊನೆಗೆ ಕುಸುಬೆಯ ಎಣ್ಣೆಯ ಸ್ಥಾನವನ್ನೂ ಬಹುಮಟ್ಟಿಗೆ ಹಿಡಿಯಿತು.

ಹೀಗೆ ನೋಡಿದರೆ 'ಅನಾದಿಕಾಲದ ಊಟ' ಎಂದು ಹೇಳಿಕೊಳ್ಳುವ ತಾಟು ಅನೇಕ ಕಾಲಗಳ, ಅನೇಕ ದೇಶಗಳ ಕೂಟ. ಪದಾರ್ಥವು ಹಿಂದೆಯೂ ಬದಲಾಗಿದೆ. ಬಸವಣ್ಣನವರ ಪಂಕ್ತಿಯಲ್ಲಿ ಕುಳಿತವರಿಗೆ ಇಂದಿನ ಕೆಂಪು ಚಟ್ನಿ ಅಪರಿಚಿತ. ಆದರೂ ಅದನ್ನು ಲಿಂಗಕ್ಕೆ ಅರ್ಪಿಸಲು ಯಾವ ಭಕ್ತನೂ ಸಂಕೋಚಪಟ್ಟಿಲ್ಲ.

ಒಲೆಯ ಮುಂದಿನ ಕಾಯಕ

ಪದಾರ್ಥ ಬದಲಾದರೂ ಅಡುಗೆಮನೆಯ ನಿತ್ಯಕ್ರಮವು ಬಹುಕಾಲ ಸ್ಥಿರವಾಗಿತ್ತು. ಈ ಭಾಗದ ಹಳೆಯ ಮನೆಗಳಲ್ಲಿ ದೇವರ ಜಗಲಿಯು ಅಡುಗೆಮನೆಯಲ್ಲಿ ಅಥವಾ ಅದಕ್ಕೆ ಹೊಂದಿಕೊಂಡೇ ಇರುವುದು ಸಾಮಾನ್ಯ. ಪೂಜೆಯ ದೀಪ, ಒಲೆಯ ಬೆಂಕಿ ಎರಡೂ ಒಂದೇ ಕೋಣೆಯಲ್ಲಿ ಬೆಳಗುತ್ತಿದ್ದವು. ಕೆಳದಿಯ ವೀರಶೈವ ಅರಸ ಬಸವಪ್ಪನಾಯಕನು 18ನೆಯ ಶತಮಾನದ ಆರಂಭದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ಗ್ರಂಥದಲ್ಲಿ ಪಾಕಶಾಲೆ, ಒಲೆ, ಪಾತ್ರೆಗಳ ವರ್ಣನೆಯಿದೆ. ಶಿವತತ್ತ್ವವನ್ನು ಹೇಳಹೊರಟ ಗ್ರಂಥವು ಒಲೆಯನ್ನೂ ಒಳಗೊಂಡಿದ್ದು ಆಕಸ್ಮಿಕವೆನ್ನಲಾಗದು.

ರೈತರ ಮನೆಯಲ್ಲಿ ಬೆಳಗಿನ ರೊಟ್ಟಿ ಬುತ್ತಿಯಾಗಿ ಹೊಲಕ್ಕೆ ಹೋಗುತ್ತಿತ್ತು. ಸಂಜೆ ದನಕರು ಮನೆಗೆ ಬಂದು, ಹಾಲು ಹಿಂಡಿ, ಜಗಲಿಗೆ ದೀಪ ಹಚ್ಚಿದ ಮೇಲೆ ಒಲೆ ಮತ್ತೆ ಹೊತ್ತುತ್ತಿತ್ತು. ಮುಖ್ಯ ಒಲೆಯ ಮೇಲೆ ಹಂಚು, ಪಕ್ಕದ ಕೋಡೊಲೆಯ ಮೇಲೆ ಪಲ್ಯ ಅಥವಾ ಬೇಳೆ. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಹಿಗ್ಗುವ ಅಂಟು ಇಲ್ಲ. ಆದ್ದರಿಂದ ಕುದಿಯುವ ಎಸರನ್ನು ಹಿಟ್ಟಿನ ನಡುವೆ ಹೊಯ್ದು, ಪಿಷ್ಟ ಬೆಂದು ಜಿಗಿ ಬಂದ ಮೇಲೆ ನಾದಬೇಕು. ಹಿಟ್ಟು ಹಳೆಯದಾದರೆ ಜಿಗಿ ಕಡಿಮೆಯಾಗಿ ರೊಟ್ಟಿಯ ಅಂಚು ಬಿರಿಯುತ್ತದೆ. ಎರಡೂ ಕೈಗಳಿಂದ ತಿರುಗಿಸುತ್ತ ಬಡಿದು ತೆಳ್ಳಗಾದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೆಂಡದ ಮಗ್ಗುಲಿಗೆ ನಿಲ್ಲಿಸಿದಾಗ ಅದು ಉಬ್ಬುತ್ತದೆ. ಈ ಕೌಶಲವನ್ನು ಯಾವ ಶಾಲೆಯೂ ಕಲಿಸಲಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತ ಮಗಳು ಕಲಿತಳು.

ಸಂಜೆಯ ತಾಟಿನಲ್ಲಿ ಬಿಸಿರೊಟ್ಟಿ, ಹೆಸರು ಅಥವಾ ಮಡಿಕೆಕಾಳಿನ ಪಲ್ಯ, ಇಲ್ಲವೆ ಪುಂಡಿಪಲ್ಯ, ಅವಸರದ ದಿನ ಕಡಲೆಹಿಟ್ಟಿನ ಝುಣಕ, ಹಸಿ ಉಳ್ಳಾಗಡ್ಡಿ, ಒಂದು ಒಣಚಟ್ನಿ, ಮೊಸರು ಇರುತ್ತಿದ್ದವು. ಹೊಲದ ಬದುವಿನಿಂದ ಕಿತ್ತು ತಂದ ಹಕ್ಕರಿಕೆಯ ಸೊಪ್ಪನ್ನು ಹಸಿಯಾಗಿಯೇ ಕಡಿದುಕೊಳ್ಳುತ್ತಿದ್ದರು. ಕೊನೆಗೆ ಜೋಳದ ನುಚ್ಚು-ಮಜ್ಜಿಗೆ. ಎರೆಸೀಮೆಯ ಬಡವರ ಮನೆಗಳಲ್ಲಿ ಅನ್ನವು ಹಬ್ಬಕ್ಕೆ, ಬೀಗರಿಗೆ ಮೀಸಲು. 1884ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಧಾರವಾಡ ಗ್ಯಾಝೆಟಿಯರ್ ಕೂಡ ಈ ಜಿಲ್ಲೆಯ ಜನಸಾಮಾನ್ಯರ ನಿತ್ಯದ ಆಹಾರವಾಗಿ ಜೋಳವನ್ನೇ ಗುರುತಿಸಿದೆ.

ಊಟಕ್ಕೆ ಕೂಡುವ ವಿಧಾನದಲ್ಲಿಯೂ ಪ್ರಸಾದಭಾವ ಮೂಡಿತ್ತು. ತಾಟನ್ನು ಬರಿನೆಲದ ಮೇಲಿಡದೆ ಮುಕ್ಕಾಲಿಯಾದ ಅಡ್ಡಣಿಗೆಯ ಮೇಲಿಡುವುದು, ಲಿಂಗಾರ್ಪಿತವಾದ ಮೇಲೆಯೇ ಮೊದಲ ತುತ್ತು ತೆಗೆದುಕೊಳ್ಳುವುದು, ಬೇಕಾದಷ್ಟನ್ನೇ ಬಡಿಸಿಕೊಳ್ಳುವುದು, ಉಂಡಾದ ಮೇಲೆ ತಾಟನ್ನು ತೊಳೆದು ಆ ನೀರನ್ನೂ ಕುಡಿಯುವುದು ನಿಷ್ಠಾವಂತರ ಮನೆಗಳ ರೂಢಿ. ಇದನ್ನು ನೋಡಿ ನಕ್ಕವರೂ ಉಂಟು. ಆದರೆ ತಾಟಿನಲ್ಲಿ ಒಂದು ಅಗುಳೂ ಉಳಿಯಬಾರದೆಂಬ ನಿಯಮಕ್ಕೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ರಾತ್ರಿ ಉಳಿದ ರೊಟ್ಟಿಯೂ ವ್ಯರ್ಥವಾಗುತ್ತಿರಲಿಲ್ಲ. ಅದನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟರೆ ಮರುದಿನದ ನಾಷ್ಟಾ. ಒಣಗಿಸಿದ ಕಟಕರೊಟ್ಟಿ ವಾರಗಟ್ಟಲೆ ಬುಟ್ಟಿಯಲ್ಲಿ ಬಾಳುತ್ತಿತ್ತು. ಭಾರತ ಹುಣ್ಣಿಮೆಯ ಸಮಯದ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೊರಡುವ ಈ ಭಾಗದ ಭಕ್ತರ ಗಾಡಿಗಳಲ್ಲಿ ಕಟಕರೊಟ್ಟಿಯ ಬುಟ್ಟಿ ಇಲ್ಲದೆ ಇರುವುದಿಲ್ಲ. ಚೆನ್ನಬಸವಣ್ಣನವರ ಸನ್ನಿಧಿಗೆ ಹೋಗುವ ದಾರಿಯಲ್ಲಿ ಅದೇ ಬುತ್ತಿಯು ಅಪರಿಚಿತರಿಗೂ ಹಂಚಿಕೆಯಾಗುತ್ತದೆ.

ಬರ, ರೈಲು, ಖಾನಾವಳಿ

ಒಂದು ಅಗುಳಿನ ಬೆಲೆಯನ್ನು ಈ ಸೀಮೆ ಬರಗಾಲಗಳಿಂದಲೂ ಕಲಿತಿದೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಬೆಲೆ ಏರಿ, ಧಾರವಾಡದ ಎರೆಹೊಲಗಳಲ್ಲಿ ಹತ್ತಿ ಹರಡಿತು. 1876-78ರ ಮಹಾಕ್ಷಾಮವು ಈ ಜಿಲ್ಲೆಯನ್ನೂ ಬಿಡಲಿಲ್ಲ, ಹಗೇವುಗಳು ಬರಿದಾದವು. ಅದರ ಬಳಿಕ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಗಿ ಧಾರವಾಡವು ಅದರ ಕೇಂದ್ರವಾಯಿತು. ಬರದ ಕಾಲಕ್ಕೆ ಧಾನ್ಯ ಸಾಗಿಸುವುದು ಆ ಮಾರ್ಗಗಳ ಉದ್ದೇಶಗಳಲ್ಲಿ ಒಂದು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಯಾಗಾರ ಬಂದಿತು, ಹತ್ತಿಯ ವ್ಯಾಪಾರ ಬೆಳೆಯಿತು, ಧಾರವಾಡದಲ್ಲಿ ಶಾಲೆ-ಕಾಲೇಜುಗಳು ತಲೆಯೆತ್ತಿದವು.

ಹೀಗೆ ಹಳ್ಳಿಯ ಒಲೆಯನ್ನು ಬಿಟ್ಟು ಬಂದ ಕೂಲಿಕಾರರಿಗೆ, ಗುಮಾಸ್ತರಿಗೆ, ವಿದ್ಯಾರ್ಥಿಗಳಿಗೆ ಸಂಜೆಯ ರೊಟ್ಟಿ ಎಲ್ಲಿಯದು? ಈ ಪ್ರಶ್ನೆಗೆ ಅವಳಿ ನಗರಗಳು ಎರಡು ಉತ್ತರ ಕಂಡುಕೊಂಡವು. ಒಂದು, ಖಾನಾವಳಿ. ಬಿಸಿರೊಟ್ಟಿ, ಎರಡು ಪಲ್ಯ, ಚಟ್ನಿ, ಮೊಸರು, ಅನ್ನ-ಸಾರು ಎಂಬ ಮನೆಯ ಕ್ರಮವನ್ನೇ ಅದು ಪರಸ್ಥಳದವರಿಗೆ ಒದಗಿಸಿತು. ಎಷ್ಟೋ ಖಾನಾವಳಿಗಳನ್ನು ನಡೆಸಿದವರು ಸಂಸಾರದ ಭಾರ ಹೊತ್ತ ಹೆಣ್ಣುಮಕ್ಕಳು. ಇನ್ನೊಂದು, ಮಠಗಳ ಪ್ರಸಾದನಿಲಯ. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರು 20ನೆಯ ಶತಮಾನದ ಮೊದಲ ಭಾಗದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ನಡೆಸಿದರು. ಭಕ್ತರ ಮನೆಗಳಿಂದ ಬಂದ ಜೋಳವೇ ಆ ಮಕ್ಕಳ ರೊಟ್ಟಿಯಾಯಿತು. ಊಟದ ವ್ಯವಸ್ಥೆಗೆ 'ಪ್ರಸಾದನಿಲಯ'ವೆಂಬ ಹೆಸರು ಬಂದುದರಲ್ಲಿಯೇ ಮಹಾಮನೆಯ ನೆನಪು ಇದೆ. ಮುಂದೆ 2002ರಲ್ಲಿ ರಾಜ್ಯ ಸರ್ಕಾರವು ಶಾಲಾಮಕ್ಕಳ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು 'ಅಕ್ಷರ ದಾಸೋಹ'. ಶರಣರ ಮಾತೊಂದು ಎಂಟು ಶತಮಾನಗಳ ಮೇಲೆ ಸರ್ಕಾರಿ ಕಡತವನ್ನು ಸೇರಿತು.

ಬೀಸುವ ಕಲ್ಲು ನಿಂತ ಮೇಲೆ

20ನೆಯ ಶತಮಾನದಲ್ಲಿ ಅಡುಗೆಮನೆ ಬದಲಾದಷ್ಟು ಹಿಂದೆಂದೂ ಬದಲಾಗಿರಲಿಲ್ಲ. ಮೊದಲು ನಿಂತದ್ದು ಬೀಸುವ ಕಲ್ಲು. ಹಿಟ್ಟಿನ ಗಿರಣಿ ಬಂದ ಮೇಲೆ ಬೆಳಗಿನ ಜಾವದ ಬೀಸುವ ಕೆಲಸ ತಪ್ಪಿತು, ಅದರೊಡನೆ ಬೀಸುವ ಪದಗಳೂ ತಪ್ಪಿದವು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತರದೆ ಇದ್ದಿದ್ದರೆ ಆ ತ್ರಿಪದಿಗಳಲ್ಲಿ ಎಷ್ಟೋ ಕಲ್ಲಿನೊಡನೆಯೇ ಮೌನವಾಗುತ್ತಿದ್ದವು. ಅನಂತರ ಸೀಮೆಎಣ್ಣೆಯ ಸ್ಟೋ, ಗ್ಯಾಸಿನ ಒಲೆ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ 'ಅಸ್ತ್ರ ಒಲೆ' 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದಿತು. ಅದು ಕಟ್ಟಿಗೆಯನ್ನು ಉಳಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸಿತು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸು ತಲುಪಿತು.

ಕಾಳಿನಲ್ಲಿಯೂ ಪಲ್ಲಟವಾಯಿತು. ಗೋವಿನಜೋಳ, ಹತ್ತಿ, ಸೋಯಾ ಮುಂತಾದ ಮಾರುಕಟ್ಟೆಯ ಬೆಳೆಗಳು ಜೋಳದ ಹೊಲಗಳನ್ನು ಆಕ್ರಮಿಸಿದವು. ಪಡಿತರದ ಅಕ್ಕಿ, ಅದರಲ್ಲಿಯೂ 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿ, ಹಬ್ಬದ ಅನ್ನವನ್ನು ನಿತ್ಯದ ಅನ್ನವಾಗಿಸಿತು. ಹಸಿವು ನೀಗಿಸಿದ ಈ ಅಕ್ಕಿಯನ್ನು ಹಳಿಯುವುದು ಸಲ್ಲದು. ಆದರೆ ರಾತ್ರಿಯ ಎರಡನೆಯ ರೊಟ್ಟಿಯ ಸ್ಥಾನವನ್ನು ಅದು ಸದ್ದಿಲ್ಲದೆ ತೆಗೆದುಕೊಂಡಿತು. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಹುಗ್ಗಿ, ಮಾದಲಿಗಳಿಗೆ ಹೆಸರಾದ ಸದಕ ಗೋಧಿಯ ಸುಧಾರಿತ ತಳಿಗಳನ್ನು ಕೊಟ್ಟಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವಾಗಿ ಆಚರಿಸಿದಾಗ ಜೋಳಕ್ಕೆ ಮತ್ತೆ ಮರ್ಯಾದೆ ಬಂತು. ಒಂದು ಕಾಲಕ್ಕೆ ಬಡವರ ಊಟವೆನಿಸಿದ್ದ ನುಚ್ಚು ಈಗ ವೈದ್ಯರ ಸಲಹೆಯ ಮೇರೆಗೆ ಸಿರಿವಂತರ ತಾಟನ್ನು ಏರಿದೆ.

ಪರಂಪರೆ ಹೊತ್ತಿರುವ ಸಾಲ

ಹಿಂದಿನ ಸಂಜೆಯೂಟವನ್ನು ಹೊಗಳುವಾಗ ಒಂದು ಸತ್ಯವನ್ನು ಮರೆಯಬಾರದು. ಹನ್ನೆರಡು ಜನರ ಕೂಡುಕುಟುಂಬಕ್ಕೆ ತಲೆಗೆ ಮೂರರಂತೆ ಹಿಡಿದರೂ ಒಂದು ಹೊತ್ತಿಗೆ ಮೂವತ್ತಾರು ರೊಟ್ಟಿ. ಅಷ್ಟನ್ನೂ ಹೊಗೆ ತುಂಬಿದ ಕೋಣೆಯಲ್ಲಿ, ಬೆಂಕಿಯ ಝಳಕ್ಕೆ ಮುಖವೊಡ್ಡಿ ಬಡಿದವಳು ಮನೆಯ ಸೊಸೆ ಅಥವಾ ಮಗಳು. ಗಂಡಸರು ಉಂಡು, ಮಕ್ಕಳು ಉಂಡು, ಅತಿಥಿಗಳು ಉಂಡ ಮೇಲೆ ಅವಳ ಸರದಿ. ಅಷ್ಟರಲ್ಲಿ ಪಲ್ಯದ ತಳ ಕಂಡಿರುತ್ತಿತ್ತು. ಅವಳ ಪಾಲಿಗೆ ಒಣರೊಟ್ಟಿ, ಚಟ್ನಿ. ಬಿಸಿರೊಟ್ಟಿಯನ್ನು ಮನೆಮಂದಿಗೆಲ್ಲ ಉಣಿಸಿದವಳಿಗೆ ಬಿಸಿರೊಟ್ಟಿ ಸಿಕ್ಕದ ಮನೆಗಳು ಎಷ್ಟೋ.

ಕಾಯಕಗಳಲ್ಲಿ ಮೇಲು-ಕೀಳಿಲ್ಲವೆಂದು ಸಾರಿದ ಶರಣರ ಅಳತೆಗೋಲಿನಿಂದ ನೋಡಿದರೆ ಇದು ಸಮರ್ಥನೀಯವಲ್ಲ. ಕೊಟ್ಟಣದ ಸೋಮಮ್ಮನವರ ಒನಕೆಗೆ ಗೌರವ ಸಂದ ಧರ್ಮದಲ್ಲಿ ಅಡುಗೆಯ ಕಾಯಕಕ್ಕೆ ಮಾತ್ರ ಲೆಕ್ಕವಿಲ್ಲವೆಂದರೆ ಅದು ದಾಸೋಹದ ಹೆಸರಿನಲ್ಲಿ ನಡೆದ ಅನ್ಯಾಯ. ಶರಣರು ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಪಂಚಸೂತಕಗಳನ್ನು ಲಿಂಗಧಾರಿಗೆ ಸಲ್ಲದವೆಂದು ತೆಗೆದುಹಾಕಿದರು. ಈ ಐದರಲ್ಲಿ ರಜಸ್ಸು, ಜಾತಿ, ಎಂಜಲು ಎಂಬ ಮೂರು ನೇರವಾಗಿ ಅಡುಗೆಮನೆಗೆ ಸಂಬಂಧಿಸಿದವು. ಆದರೂ ತಿಂಗಳ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಒಲೆಯಿಂದ ದೂರ ಕೂರಿಸುವ, ಹೊಲದ ಆಳಿಗೆ ಬೇರೆ ಬಟ್ಟಲು ಇಡುವ ರೂಢಿ ಭಕ್ತರೆನಿಸಿಕೊಂಡವರ ಮನೆಗಳಲ್ಲಿಯೂ ನುಸುಳಿ ಬಂದಿದೆ. ಮಾದಾರ ಚೆನ್ನಯ್ಯನವರ ಅಂಬಲಿಯ ಕಥೆಯನ್ನು ಪುರಾಣಪ್ರವಚನದಲ್ಲಿ ಕೇಳಿ ಕಣ್ಣೊರೆಸಿಕೊಂಡು, ಮನೆಗೆ ಬಂದು ಬೇರೆ ಬಟ್ಟಲನ್ನು ಹುಡುಕಿದರೆ ಆ ಕಣ್ಣೀರಿಗೆ ಅರ್ಥವಿಲ್ಲ. ಪದಾರ್ಥವು ಪ್ರಸಾದವಾಗದೆ ಪದಾರ್ಥವಾಗಿಯೇ ಉಳಿಯುವುದು ಇಂಥಲ್ಲಿ. ಹೀಗಾದುದು ಅಂಗಡಿಯ ರೊಟ್ಟಿ ಬಂದ ಮೇಲಲ್ಲ, ಬಹಳ ಹಿಂದೆಯೇ.

ಇಂದಿನ ತಾಟು

ಈ ಹಿನ್ನೆಲೆಯಲ್ಲಿ ಹಿರಿಯರ ನೋವನ್ನು ಮತ್ತೊಮ್ಮೆ ನೋಡಬಹುದು. ಅವಳಿ ನಗರಗಳ ಓಣಿಗಳಲ್ಲಿ ಇಂದು ರೊಟ್ಟಿ ಮಾಡಿ ಮಾರುವ ಮಹಿಳೆಯರು, ಸ್ವಸಹಾಯ ಸಂಘಗಳು ಅನೇಕ. ಮನೆಯಲ್ಲಿ ಬೆಲೆ ಸಿಗದ ಅದೇ ಕೈಚಳಕ ಅವರ ಸಂಸಾರಕ್ಕೆ ಆಸರೆಯಾಗಿದೆ, ಮಕ್ಕಳ ಶಾಲೆಯ ಫೀಸಾಗಿದೆ. ಅದು ನಿಜವಾದ ಕಾಯಕ. ದುಡಿದು ದಣಿದು ಬಂದ ಗೃಹಿಣಿ ಆ ರೊಟ್ಟಿಯನ್ನು ಕೊಂಡು ತಂದರೆ ಸಂಸ್ಕಾರಕ್ಕೆ ಲೋಪವಿಲ್ಲ. ಆ ರೊಟ್ಟಿಯನ್ನು ಲಿಂಗಕ್ಕೆ ಅರ್ಪಿಸಬಹುದು, ಹಂಚಿಕೊಳ್ಳಬಹುದು, ಉಳಿಸದೆ ಉಣ್ಣಬಹುದು.

ಲೋಪವಾಗುತ್ತಿರುವುದು ಬೇರೆಡೆಗೆ. ಮದುವೆಯ ಪಂಕ್ತಿಗಳಲ್ಲಿ ಎಲೆಯ ತುಂಬ ಬಡಿಸಿ ಅರ್ಧವನ್ನು ಚೆಲ್ಲುವಾಗ ಲಕ್ಕಮ್ಮನವರ ಅಳತೆ ಮರೆತಿದೆ. ಮನೆಯ ನಾಲ್ಕು ಜನ ನಾಲ್ಕು ಹೊತ್ತಿಗೆ ಬಂದು, ತಾಟು ಹಿಡಿದು ದೂರದರ್ಶನದ ಮುಂದೆಯೋ ಮೊಬೈಲಿನ ಮುಂದೆಯೋ ಕುಳಿತಾಗ ಪಂಕ್ತಿ ಒಡೆದಿದೆ. ಅಡುಗೆ ಮಾಡಿದವರು ಉಂಡರೋ ಇಲ್ಲವೋ ಎಂದು ಯಾರೂ ಕೇಳದೆ ಇದ್ದರೆ ದಾಸೋಹವು ಮಾತಿಗೆ ಮಾತ್ರ ಉಳಿದಿದೆ. ಇವನ್ನು ಸರಿಪಡಿಸಲು ಹಗೇವು ತೋಡಬೇಕಾಗಿಲ್ಲ, ಬೀಸುವ ಕಲ್ಲನ್ನು ಮರಳಿ ತರಬೇಕಾಗಿಲ್ಲ. ಬೇಕಾದಷ್ಟೇ ಬಡಿಸಿಕೊಳ್ಳುವುದು, ಒಂದು ಅಗುಳನ್ನೂ ಬಿಡದಿರುವುದು, ಸಂಜೆಯ ಒಂದು ಹೊತ್ತಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕೂಡುವುದು, ರೊಟ್ಟಿ ಬಡಿದ ಕೈಗೆ ಮೊದಲ ಬಿಸಿರೊಟ್ಟಿಯನ್ನು ಕೊಡುವುದು, ಗಂಡುಮಕ್ಕಳಿಗೂ ಹಿಟ್ಟು ನಾದುವುದನ್ನು ಕಲಿಸುವುದು, ಬಾಗಿಲಿಗೆ ಬಂದವರ ಜಾತಿಯನ್ನು ಕೇಳದೆ ತಾಟು ಇಡುವುದು ಇವು ಯಾವ ಕಾಲದ ಒಲೆಯ ಮುಂದೆಯೂ ಸಾಧ್ಯ.

ಕಲ್ಯಾಣದ ಅರಸನ ಅನ್ನಭೋಗದ ವಿವರಗಳು ಇಂದು ಗ್ರಂಥದಲ್ಲಿವೆ. ಅವುಗಳನ್ನು ಓದುವವರು ವಿದ್ವಾಂಸರು. ಲಕ್ಕಮ್ಮನವರು ಅಕ್ಕಿಯನ್ನು ಹಿಂದಿರುಗಿಸಿದ ಕಥೆಯನ್ನು ಮಾತ್ರ ಧಾರವಾಡದ ಅಜ್ಜಿಯೊಬ್ಬರು ಇಂದಿಗೂ ಮೊಮ್ಮಕ್ಕಳಿಗೆ ಊಟದ ಹೊತ್ತಿಗೆ ಹೇಳುತ್ತಾರೆ. ತಾಟಿನಲ್ಲಿ ಜೋಳದ ರೊಟ್ಟಿ ಇರಲಿ, ಪಡಿತರದ ಅನ್ನವಿರಲಿ, ಆ ಕಥೆಯನ್ನು ಕೇಳಿದ ಮಗು ತಾಟನ್ನು ಬರಿದು ಮಾಡಿ, 'ಅವ್ವಾ, ನಿಂದು ಊಟ ಆತೇನು?' ಎಂದು ಒಂದು ಮಾತು ಕೇಳಿದರೆ ಆ ಮನೆಯಲ್ಲಿ ಪ್ರಸಾದ ಉಳಿದಿದೆ.